ಕಾಯಕದ ನಾಡಿನಲ್ಲಿ ದಾರಿದ್ರ್ಯವೇಕೆ?



ದಾರಿದ್ರ್ಯವನ್ನು ಕುರಿತು ನಮ್ಮ ಮನೆಗಳ ಪಡಸಾಲೆಗಳಲ್ಲಿ ಎರಡು ಮಾತುಗಳು ಕೇಳಿಬರುವವು. ಒಂದು, ಅದು ಅವರವರ ಪ್ರಾರಬ್ಧವೆಂಬ ಮಾತು. ಇನ್ನೊಂದು, ದುಡಿಯಲೊಲ್ಲದವನು ಬಡವನಾಗುವನೆಂಬ ಮಾತು. ಮೊದಲನೆಯದು ತಪ್ಪನ್ನು ಬಡವನ ಹಿಂದಿನ ಜನ್ಮಕ್ಕೆ ಹಚ್ಚುವದು. ಎರಡನೆಯದು ಅವನ ಈ ಜನ್ಮಕ್ಕೆ ಹಚ್ಚುವದು. ಎರಡರಲ್ಲಿಯೂ ತಪ್ಪು ಬಡವನದೇ. ಆ ಮಾತನ್ನಾಡುವವನ ಕೈ ಮಾತ್ರ ಶುಚಿಯಾಗಿ ಉಳಿಯುವದು. ಹನ್ನೆರಡನೆಯ ಶತಮಾನದ ಶಿವಶರಣರು ಈ ಎರಡನ್ನೂ ಒಪ್ಪಲಿಲ್ಲ. ಹುಟ್ಟಿನಿಂದ ಒಬ್ಬನು ಕೀಳೆಂಬದನ್ನು ಅವರು ತಳ್ಳಿಹಾಕಿದರು; ದುಡಿಯುವವನನ್ನು ಹಸಿದಿರಿಸುವ ನಡೆಯನ್ನೂ ತಳ್ಳಿಹಾಕಿದರು.

ಇಲ್ಲಿ ಒಂದು ಭೇದವನ್ನು ಮೊದಲೇ ಅರಿತಿರಬೇಕು. ಶರಣರು ಸಂಗ್ರಹವನ್ನು ಬಿಟ್ಟವರು, ಅಹುದು. ಆದರೆ ತಾನಾಗಿ ಬಿಡುವದು ಬೇರೆ, ಕಸಿದುಕೊಂಡು ಇಲ್ಲದಂತೆ ಮಾಡುವದು ಬೇರೆ. ಉಪವಾಸವನ್ನು ವ್ರತವೆಂದು ಹಿಡಿದವನ ಹಸಿವೂ ಮನೆಯಲ್ಲಿ ಜೋಳವಿಲ್ಲದವನ ಹಸಿವೂ ಒಂದೇ ಅಲ್ಲ. ಮೊದಲನೆಯದು ಸಾಧನೆ, ಎರಡನೆಯದು ಅನ್ಯಾಯ. ಅನ್ಯಾಯಕ್ಕೆ ವ್ರತದ ಹೆಸರಿಟ್ಟು ಬಡವನಿಗೆ ಸಂತೃಪ್ತಿಯನ್ನು ಬೋಧಿಸುವದು ಧರ್ಮವಲ್ಲ. ಹಾಗಾದರೆ ಈ ಇಲ್ಲದಿರುವಿಕೆಯು ಎಲ್ಲಿಂದ ಬಂದಿತು? ಇದನ್ನು ವಿಚಾರಿಸುವದು ಅರ್ಥಶಾಸ್ತ್ರದ ಪಂಡಿತರಿಗೆ ಮಾತ್ರ ಬಿಟ್ಟ ಕೆಲಸವಲ್ಲ; ಇಷ್ಟಲಿಂಗವನ್ನು ಕೈಯಲ್ಲಿ ಹಿಡಿದ ಪ್ರತಿಯೊಬ್ಬ ಗೃಹಸ್ಥನ ಕೆಲಸ.

ಇದಕ್ಕಾಗಿ ದೂರದ ದೇಶಗಳನ್ನು ಮೊದಲು ನೋಡಬೇಕಾಗಿಲ್ಲ. ನಮ್ಮ ಮಲಪ್ರಭೆಯ ಜೊತೆಗೆ ನಡೆದರೆ ಸಾಕು. ಖಾನಾಪುರದ ಕಣಕುಂಬಿಯಲ್ಲಿ ಹುಟ್ಟಿದ ಈ ಹೊಳೆ ಕಿತ್ತೂರು ಬೈಲಹೊಂಗಲಗಳ ನೆಲವನ್ನು ಹಾಯ್ದು, ಸವದತ್ತಿಯ ನವಿಲುತೀರ್ಥದಲ್ಲಿ ಗುಡ್ಡಗಳ ನಡುವೆ ನುಸುಳಿ, ರಾಮದುರ್ಗವನ್ನು ಮುಟ್ಟಿ, ಕಡೆಗೆ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವದು. ಈ ದಂಡೆಯ ಎರಿ ನೆಲ ಬಂಜೆಯಲ್ಲ. ಹಿಂಗಾರಿಯ ಬಿಳಿಜೋಳ, ಹತ್ತಿ, ಕಡಲೆ, ಕಬ್ಬು ಇವುಗಳನ್ನು ಕೊಟ್ಟ ನೆಲ. ಜನರು ಸೋಮಾರಿಗಳೂ ಅಲ್ಲ. ಕೋಳಿ ಕೂಗುವ ಮೊದಲು ಹೊಲದ ಹಾದಿ ಹಿಡಿಯುವವರು. ನೆಲವೂ ಒಳ್ಳೆಯದು, ದುಡಿಮೆಯೂ ಉಂಟು. ಆದರೂ ಈ ಸೀಮೆಯ ಅನೇಕ ಮನೆಗಳಲ್ಲಿ ತಲೆಮಾರುಗಟ್ಟಲೆ ಸಾಲವು ನೆಲೆಸಿತು. ಕಾಯಕದ ಫಲವು ಕಾಯಕ ಮಾಡಿದವನ ಮನೆಗೆ ಬಾರದೆ ಎತ್ತ ಹರಿಯಿತು? ಇದೇ ಪ್ರಶ್ನೆ.

ಮೊದಲು ಕಿತ್ತೂರನ್ನು ನೋಡಿರಿ. 1824ನೆಯ ಇಸವಿಯ ಅಕ್ಟೋಬರ 23ರಂದು ರಾಣಿ ಚೆನ್ನಮ್ಮನ ಸೈನ್ಯವು ಧಾರವಾಡದ ಕಲೆಕ್ಟರ ಥ್ಯಾಕರೆಯ ಪಡೆಯನ್ನು ಸೋಲಿಸಿದ್ದನ್ನೂ, ಅದೇ ವರ್ಷದ ಡಿಸೆಂಬರಿನಲ್ಲಿ ಕೋಟೆ ಬಿದ್ದದ್ದನ್ನೂ, ಬೈಲಹೊಂಗಲದ ಸೆರೆಯಲ್ಲಿ 1829ರ ಫೆಬ್ರುವರಿ 2ರಂದು ಆ ವೀರಮಾತೆ ಲಿಂಗೈಕ್ಯಳಾದದ್ದನ್ನೂ ನೀವೆಲ್ಲರೂ ಬಲ್ಲಿರಿ. ಅದನ್ನು ಶೌರ್ಯದ ಕಥೆಯೆಂದು ಹಾಡುವೆವು. ಅದು ಬೊಕ್ಕಸದ ಕಥೆಯೂ ಅಹುದು. ದತ್ತಕವನ್ನು ಒಪ್ಪದೆ ಸಂಸ್ಥಾನವನ್ನು ನುಂಗಿದವರು ಮೊದಲು ಕೈಹಾಕಿದ್ದು ಖಜಾನೆಗೆ. ದೇಸಗತಿಯ ಆಳಿಕೆಯಲ್ಲಿ ಎಲ್ಲವೂ ನೆಟ್ಟಗಿತ್ತೆಂದು ಹೇಳಲಾಗದು. ಆದರೆ ಕಿತ್ತೂರಿನಲ್ಲಿ ಎತ್ತಿದ ಹಣದ ದೊಡ್ಡ ಪಾಲು ಕಿತ್ತೂರಿನ ಸೀಮೆಯಲ್ಲಿಯೇ ವೆಚ್ಚವಾಗುತ್ತಿತ್ತು. ಅದು ಹೋದ ಮೇಲೆ ಕಂದಾಯವನ್ನು ಗೊತ್ತಾದ ದಿನಕ್ಕೆ, ರೊಕ್ಕದ ರೂಪದಲ್ಲಿ, ಮಳೆ ಬರಲಿ ಬಾರದಿರಲಿ ತೆರಬೇಕೆಂಬ ಕಟ್ಟಳೆ ಬಿಗಿಯಾಯಿತು. ರಾಶಿ ಕಣದಲ್ಲಿರುವಾಗಲೇ, ಬೆಲೆ ಇಳಿದಿರುವಾಗಲೇ, ರೈತನು ಮಾರಬೇಕಾಯಿತು. ಮಾರಿದ್ದು ಸಾಲದಿದ್ದರೆ ಸಾಲವನ್ನು ತರಬೇಕಾಯಿತು. ಹೆಬ್ಬಟ್ಟೊತ್ತಿದ ಕಾಗದವನ್ನು ಹಿಡಿದು ಸಾಹುಕಾರನು ಕೋರ್ಟಿಗೆ ಹೋದರೆ ಕೋರ್ಟು ಕಾಗದವನ್ನು ನೋಡಿತು, ಹೊಟ್ಟೆಯನ್ನು ನೋಡಲಿಲ್ಲ. 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಿಗೇರಿದ ಸಂಗೊಳ್ಳಿ ರಾಯಣ್ಣನು ಸರಕಾರಿ ಕಚೇರಿಗಳ ದಫ್ತರಗಳನ್ನು ಸುಟ್ಟನೆಂದು ಹೇಳುವರು. ಒಬ್ಬ ಶೇತಸನದಿಯ ಸಿಟ್ಟು ಕಾಗದದ ಮೇಲೆ ಏಕೆ ತಿರುಗಿತೆಂಬದನ್ನು ಈಗ ತಿಳಿಯಬಹುದು.

ಬೈಲಹೊಂಗಲಕ್ಕೆ ಬರೋಣ. ಇದು ಹತ್ತಿಯ ಪೇಟೆಯೆಂದು ಹೆಸರಾದ ಊರು. 1861ರಿಂದ 1865ರ ವರೆಗೆ ಅಮೇರಿಕದಲ್ಲಿ ಅಂತರ್ಯುದ್ಧ ನಡೆದಾಗ ಅಲ್ಲಿಯ ಹತ್ತಿ ಇಂಗ್ಲಂಡದ ಗಿರಣಿಗಳಿಗೆ ಹೋಗುವದು ನಿಂತಿತು. ಆಗ ಧಾರವಾಡ ಬೆಳಗಾವಿ ಸೀಮೆಯ ಹತ್ತಿಗೆ ಎಂದೂ ಕಾಣದ ಬೆಲೆ ಬಂದಿತು. ಜೋಳ ಬಿತ್ತುವ ಹೊಲದಲ್ಲಿಯೂ ಜನ ಹತ್ತಿಯನ್ನು ಬಿತ್ತಿದರು. ಯುದ್ಧ ಮುಗಿಯಿತು, ಬೆಲೆ ಕುಸಿಯಿತು, ಹೆಚ್ಚಿದ ಸಾಲ ಮಾತ್ರ ಉಳಿಯಿತು. ಹತ್ತು ವರ್ಷ ಕಳೆಯುವಷ್ಟರಲ್ಲಿ 1876ರಿಂದ 1878ರ ವರೆಗಿನ ಘೋರ ಬರಗಾಲವು ಬಂದೆರಗಿತು. ಆ ಬರದ ದಿನಗಳಲ್ಲಿಯೂ ಹಿಂದುಸ್ತಾನದ ಬಂದರುಗಳಿಂದ ಧಾನ್ಯವು ಹೊರದೇಶಕ್ಕೆ ಸಾಗುತ್ತಲೇ ಇತ್ತು. ಕಾಳು ಇಲ್ಲದ್ದಕ್ಕಿಂತ ಹೆಚ್ಚಾಗಿ, ಕಾಳನ್ನು ಕೊಳ್ಳುವ ಶಕ್ತಿ ಇಲ್ಲದ್ದರಿಂದ ಜನ ಸಾಯುವರೆಂಬ ಮಾತನ್ನು ಅಮರ್ತ್ಯ ಸೇನರು 1943ರ ಬಂಗಾಲದ ಕ್ಷಾಮವನ್ನು ಶೋಧಿಸಿ 1981ರಲ್ಲಿ ವಿವರವಾಗಿ ತೋರಿಸಿಕೊಟ್ಟರು.

ಇನ್ನೊಂದು ಸಂಗತಿ. ಎರಿ ಹೊಲದಿಂದ ಹತ್ತಿ ಹೋಯಿತು, ಬಟ್ಟೆಯಾಗಿ ತಿರುಗಿ ಬಂದಿತು. ಹೋಗುವಾಗ ಅಗ್ಗ, ಬರುವಾಗ ತುಟ್ಟಿ. ಬಿತ್ತುವ, ಕಳೆ ತೆಗೆಯುವ, ಬಿಡಿಸುವ ಕಷ್ಟವೆಲ್ಲ ಇಲ್ಲಿ. ನೂಲುವ, ನೇಯುವ, ಬಣ್ಣ ಕಟ್ಟುವ ಲಾಭವೆಲ್ಲ ಅಲ್ಲಿ. ದಾದಾಭಾಯಿ ನವರೋಜಿಯವರು 1901ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದಲ್ಲಿ ದೇಶದ ಸಂಪತ್ತು ಹೀಗೆ ಸೋರಿಹೋಗುವದನ್ನು ಅಂಕಿಗಳಿಂದ ವಿವರಿಸಿದರು. ಇದು ನಮ್ಮೊಬ್ಬರ ಪಾಡೂ ಅಲ್ಲ. ಆಫ್ರಿಕದ ಘಾನಾ ದೇಶದ ರೈತನು ಕೋಕೋ ಬೀಜವನ್ನು ಬೆಳೆಯುವನು. ಅದರಿಂದ ಚಾಕೊಲೇಟು ಮಾಡಿ ಹೆಚ್ಚಿನ ಲಾಭವನ್ನು ಯುರೋಪಿನ ಕಾರಖಾನೆಗಳು ಪಡೆಯುವವು. ಕಚ್ಚಾ ಮಾಲನ್ನು ಮಾರಿ ಪಕ್ಕಾ ಮಾಲನ್ನು ಕೊಳ್ಳುವ ದೇಶವು ಎಷ್ಟು ದುಡಿದರೂ ಹಿಂದೆ ಬೀಳುವ ಭಯವುಂಟೆಂದು 1950ರ ಸುಮಾರಿಗೆ ಅರ್ಜೆಂಟೀನದ ಅರ್ಥಶಾಸ್ತ್ರಜ್ಞ ರಾವುಲ್ ಪ್ರೆಬಿಶ್ ಅವರು ವಾದಿಸಿದರು. ಆ ಮಾತನ್ನು ಬೈಲಹೊಂಗಲದ ಹತ್ತಿಯ ಗಾಡಿಯವನು ಓದದೆಯೇ ಬಲ್ಲನು.

ಹಾಗಾದರೆ ಎಲ್ಲ ತಪ್ಪೂ ಹೊರಗಿನವರದೆ? ಅಲ್ಲ. ಹೊರಗಿನ ಕೈ ಎಷ್ಟು ಉದ್ದವಿದ್ದರೂ ಒಳಗೆ ಬಾಗಿಲು ತೆರೆಯುವವನೊಬ್ಬನು ಬೇಕು. ರಾಮದುರ್ಗದ ಇತಿಹಾಸವು ಇದನ್ನು ತಿಳಿಸುವದು. ಅದು ಬ್ರಿಟಿಶರ ನೇರ ಆಳಿಕೆಯ ನೆಲವಾಗಿರಲಿಲ್ಲ. ಭಾವೆ ಮನೆತನದ ಸಂಸ್ಥಾನವಾಗಿತ್ತು. ಆದರೂ ತೆರಿಗೆಯ ಭಾರ ಇಳಿಸಬೇಕೆಂದು ಪ್ರಜಾಸಂಘವು ಹೋರಾಡಬೇಕಾಯಿತು. 1939ರ ಏಪ್ರಿಲ ತಿಂಗಳಲ್ಲಿ ಅಲ್ಲಿ ಜನರು ಸಿಡಿದೆದ್ದು ಪ್ರಾಣಹಾನಿಯಾಯಿತು, ಬಳಿಕ ಗಲ್ಲಿನ ಶಿಕ್ಷೆಗಳೂ ಆದವು. ಹಿಂಸೆಯನ್ನು ನಾವು ಹೊಗಳುವದಿಲ್ಲ. ಆದರೆ ಬೇಡಿಕೆಯನ್ನು ಕೇಳದ ಕಿವಿಯೇ ಹಿಂಸೆಯ ಮೊದಲ ಕಾರಣವೆಂಬದನ್ನು ಮರೆಯಲಾಗದು. 1948ರಲ್ಲಿ ಆ ಸಂಸ್ಥಾನವು ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಆದರೆ ರಾಮದುರ್ಗ, ಸುರೇಬಾನಗಳ ನೇಕಾರನ ಮಗ್ಗದ ಕುಳಿ ಹಾಗೆಯೇ ಉಳಿಯಿತು. ನೂಲನ್ನು ಸಾಲವಾಗಿ ತಂದು, ಸೀರೆಯನ್ನು ನೂಲು ಕೊಟ್ಟವನಿಗೇ ಒಪ್ಪಿಸಿ, ಮಜೂರಿಯನ್ನು ಅವನು ಹೇಳಿದಂತೆ ಪಡೆಯುವವನು ಮಗ್ಗದ ಒಡೆಯನಾದರೂ ತನ್ನ ದುಡಿಮೆಯ ಒಡೆಯನಲ್ಲ. ರಾಜ್ಯ ಬದಲಾದರೂ ಲೆಕ್ಕದ ಪುಸ್ತಕ ಬದಲಾಗದಿದ್ದರೆ ಬಡತನ ಬದಲಾಗದು.

ನೀರಿನ ವಿಷಯದಲ್ಲಿಯೂ ಹೀಗೆಯೇ. ನವಿಲುತೀರ್ಥದ ಅಣೆಕಟ್ಟಿನಿಂದ 37 ಟಿ.ಎಂ.ಸಿ.ಗೂ ಹೆಚ್ಚು ನೀರು ನಿಲ್ಲಬಲ್ಲ ರೇಣುಕಾಸಾಗರವಾಯಿತು. ಇದು ದೊಡ್ಡ ಉಪಕಾರ, ಅಲ್ಲಗಳೆಯುವಂತಿಲ್ಲ. ಆದರೆ ಕಾಲುವೆಯ ತಲೆಯಲ್ಲಿದ್ದವನಿಗೆ ನೀರು ತುಂಬಿ ಹರಿದು, ಕಾಲುವೆಯ ಬಾಲದಲ್ಲಿದ್ದವನಿಗೆ ಕರದ ನೋಟೀಸು ಮಾತ್ರ ತಲುಪಿದಾಗ ಏನಾಯಿತೆಂಬದನ್ನು 1980ರ ಜುಲೈ 21ರಂದು ನರಗುಂದ ನವಲಗುಂದಗಳಲ್ಲಿ ನಾಡು ಕಂಡಿತು. ಸಂಪತ್ತನ್ನು ಹೆಚ್ಚಿಸಿದರೆ ಸಾಲದು; ಅದು ಯಾರ ಹೊಲಕ್ಕೆ ಹರಿಯುವದೆಂಬದನ್ನೂ ನೋಡಬೇಕು. 2002ರಲ್ಲಿ ಡಾ. ಡಿ. ಎಂ. ನಂಜುಂಡಪ್ಪನವರ ಸಮಿತಿಯು ಅಂದಿನ ಕರ್ನಾಟಕದ 175 ತಾಲೂಕುಗಳಲ್ಲಿ 114ನ್ನು ಹಿಂದುಳಿದವುಗಳೆಂದು ಎಣಿಸಿತು. ಒಂದೇ ರಾಜ್ಯದಲ್ಲಿ, ಒಂದೇ ಕಾಯಿದೆಯ ಕೆಳಗೆ, ಇಷ್ಟು ಏರು-ಇಳಿವು ಹಣೆಬರಹದಿಂದ ಆಗಲಿಲ್ಲ. ಹಾದಿ, ಶಾಲೆ, ನೀರು, ಸಾಲದ ಸೌಕರ್ಯ ಇವು ಎಲ್ಲಿ ಮೊದಲು ಹೋದವು, ಎಲ್ಲಿಗೆ ಕಡೆಗೆ ಬಂದವು ಎಂಬದರಿಂದ ಆಯಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಹಾಕಿದ ರೈಲುಹಾದಿಯು ಒಂದು ಕಡೆ ಖಾನಾಪುರ ಬೆಳಗಾವಿಗಳನ್ನೂ ಇನ್ನೊಂದು ಕಡೆ ಧಾರವಾಡ ಗದಗ ಬಾದಾಮಿಗಳನ್ನೂ ಮುಟ್ಟಿ, ನಡುವಿನ ಈ ನಾಲ್ಕೂ ಊರುಗಳನ್ನು ಬಿಟ್ಟುಹೋಯಿತೆಂಬದು ಇದಕ್ಕೊಂದು ಸಣ್ಣ ಉದಾಹರಣೆ.

ಇನ್ನು ಸವದತ್ತಿಯ ಮಾತು. ಇದನ್ನು ಹೇಳಲು ನಾಲಿಗೆ ಹಿಂಜರಿಯುವದು; ಆದರೆ ಹೇಳದಿರುವದು ದ್ರೋಹ. ಯಲ್ಲಮ್ಮನ ಗುಡ್ಡಕ್ಕೆ ಲಕ್ಷಗಟ್ಟಲೆ ಭಕ್ತರು ಭಕ್ತಿಯಿಂದ ಬರುವರು. ಆ ಭಕ್ತಿಯ ನೆರಳಿನಲ್ಲಿ ಎಳೆಯ ಹೆಣ್ಣುಮಕ್ಕಳ ಕೊರಳಿಗೆ ಮುತ್ತು ಕಟ್ಟಿ ದೇವದಾಸಿಯರನ್ನಾಗಿ ಬಿಡುವ ರೂಢಿಯೂ ಬೆಳೆಯಿತು. ಮುಂಬಯಿ ಸರಕಾರವು 1934ರಲ್ಲಿಯೂ ಕರ್ನಾಟಕವು 1982ರಲ್ಲಿಯೂ ಇದರ ವಿರುದ್ಧ ಕಾಯಿದೆ ಮಾಡಬೇಕಾಯಿತು. ಒಂದು ಕಾಯಿದೆ ಸಾಲದೆ ಎರಡನೆಯದು ಏಕೆ ಬೇಕಾಯಿತು? ಮುತ್ತು ಕಟ್ಟಿಸಿಕೊಂಡವರು ಬಹುತೇಕ ಹೊಲವಿಲ್ಲದ ದಲಿತರ ಮನೆಯ ಮಕ್ಕಳು. ಹರಕೆ ಎಂದು ಹೇಳಿದ್ದು ಬಾಯಿ. ಹರಕೆ ಹೊರಿಸಿದ್ದು ಹಸಿವು. ಅದರಿಂದ ಸುಖಪಟ್ಟವರು ಹೊಲಮನೆಯುಳ್ಳವರು. ಇಲ್ಲಿ ಆರ್ಥಿಕ ಕಾರಣ ಯಾವದು, ಸಾಮಾಜಿಕ ಕಾರಣ ಯಾವದು? ಬಿಡಿಸಲಾಗದಂತೆ ಅವೆರಡೂ ಹೆಣೆದುಕೊಂಡಿರುವವು. ಜಾತಿಯು ಬಡತನವನ್ನು ಹುಟ್ಟಿಸುವದು; ಬಡತನವು ಜಾತಿಯ ಕೀಳುತನವನ್ನು ಗಟ್ಟಿಮಾಡುವದು. ಬಡ ದೇಶಗಳನ್ನು ಕುರಿತು ಸ್ವೀಡನ್ನಿನ ಗುನ್ನಾರ್ ಮಿರ್ಡಾಲ್ ಅವರು ಹೇಳಿದ್ದೂ ಇದನ್ನೇ: ಒಂದು ಕೊರತೆ ಇನ್ನೊಂದನ್ನು ತಳ್ಳುವದು, ಆ ಇನ್ನೊಂದು ಮೊದಲನೆಯದನ್ನು ಮತ್ತಷ್ಟು ಆಳಕ್ಕೆ ದೂಡುವದು.

ಶರಣರು ಕಲ್ಯಾಣದಲ್ಲಿ ಈ ಗಂಟನ್ನೇ ಬಿಚ್ಚಹೊರಟರು. ಚಮ್ಮಾರ, ಮಡಿವಾಳ, ಅಂಬಿಗ, ನುಲಿ ಹೊಸೆಯುವವ, ಕಸ ಗುಡಿಸುವವಳು ಇವರನ್ನೆಲ್ಲ ಅನುಭವಮಂಟಪದಲ್ಲಿ ಸರಿಸಮನಾಗಿ ಕೂಡಿಸಿದ್ದು ಬರಿಯ ಕರುಣೆಯಲ್ಲ. ದುಡಿಮೆಗೆ ಮಾನವಿಲ್ಲದಲ್ಲಿ ಅದಕ್ಕೆ ಬೆಲೆಯೂ ಇರುವದಿಲ್ಲವೆಂಬದನ್ನು ಅವರು ಕಂಡಿದ್ದರು. ಕಾಯಕವೆಂಬ ಮಾತನ್ನು ನಾವು ಇಂದು ಅರ್ಧಮಾಡಿ ಬಳಸುತ್ತಿರುವೆವು. ಆಳಿಗೆ ದುಡಿಯೆಂದು ಹೇಳುವಾಗ ಕಾಯಕದ ಹೆಸರೆತ್ತುವೆವು; ಕೂಲಿ ಕೊಡುವಾಗ ಪೇಟೆಯ ಧಾರಣೆಯ ಹೆಸರೆತ್ತುವೆವು. ಕಾಯಕವು ದುಡಿಯುವವನಿಗೆ ಎಷ್ಟು ಕಟ್ಟಳೆಯೋ ದುಡಿಸಿಕೊಳ್ಳುವವನಿಗೂ ಅಷ್ಟೇ ಕಟ್ಟಳೆ.

ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನು ನೀವು ಅನೇಕ ಸಲ ಕೇಳಿರುವಿರಿ. ಬಸವಣ್ಣನವರ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕ ಮಾರಯ್ಯನದು. ಒಂದು ದಿನ ಅವನು ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮ ಅದನ್ನು ಒಪ್ಪದೆ, ಹೆಚ್ಚಿನದನ್ನು ಅಲ್ಲಿಯೇ ಚೆಲ್ಲಿ ಬರಲು ಹೇಳಿದಳು. ಈ ಕಥೆಯಿಂದ ಬಡವರು ಆಸೆಪಡಬಾರದೆಂಬ ನೀತಿಯನ್ನು ತೆಗೆಯುವವರುಂಟು. ಅದು ಕಥೆಯ ಅಪಾರ್ಥ. ಯೋಚಿಸಿ ನೋಡಿರಿ: ಒಪ್ಪತ್ತಿನ ಅಕ್ಕಿಯನ್ನು ಆಯ್ದು ಬದುಕುವ ಮನೆಗೇ ಮಿಕ್ಕದ್ದು ತನ್ನದಲ್ಲವೆಂಬ ಎಚ್ಚರವಿದ್ದರೆ, ಕಣಜ ತುಂಬಿದ ಮನೆಗೆ ಎಷ್ಟು ಎಚ್ಚರವಿರಬೇಕು? ಲಕ್ಕಮ್ಮನ ಮಾತಿನ ಮೊನೆ ಬಡವನತ್ತ ಅಲ್ಲ, ಸಂಗ್ರಹಿಸಿದವನತ್ತ ತಿರುಗಿರುವದು. ಅದನ್ನು ಆಡಿದವಳೂ ಒಬ್ಬ ದುಡಿಯುವ ಹೆಣ್ಣುಮಗಳು. ಗಂಡನು ಆ ಮಾತನ್ನು ಕೇಳಿದನು. ಮನೆಯ ಹೆಣ್ಣಿನ ಲೆಕ್ಕವನ್ನು ಕೇಳದ ಊರು ಉದ್ಧಾರವಾಗದೆಂಬದೂ ಆ ಕಥೆಯಲ್ಲಿ ಅಡಗಿರುವದು.

ಮಿಕ್ಕದ್ದನ್ನು ಎಲ್ಲಿಂದ ಬಂದಿತೋ ಅಲ್ಲಿಗೆ ತಿರುಗಿಸುವದೇ ದಾಸೋಹ. ಒಂದು ದಿನದ ಅನ್ನದಾನದಿಂದ ಅದು ಮುಗಿಯದು. ಇದಕ್ಕೆ ನಮ್ಮ ಸೀಮೆಯಲ್ಲಿಯೇ ನಿದರ್ಶನಗಳಿರುವವು. ಸವದತ್ತಿ ತಾಲೂಕಿನ ಸಿರಸಂಗಿಯ ಲಿಂಗರಾಜ ದೇಸಾಯರು 1906ರಲ್ಲಿ ಲಿಂಗೈಕ್ಯರಾಗುವ ಮೊದಲು ತಮ್ಮ ದೊಡ್ಡ ಆಸ್ತಿಯನ್ನು ಮೃತ್ಯುಪತ್ರದ ಮೂಲಕ ವಿದ್ಯೆಗೆ ಮೀಸಲಿಟ್ಟರು. ರೈತರ ದುಡಿಮೆಯಿಂದ ಕೂಡಿದ ಸಂಪತ್ತು ರೈತರ ಮಕ್ಕಳ ಓದಿಗೆ ತಿರುಗಿತು. 1905ರಲ್ಲಿ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು ಸಹಕಾರಿ ಪತ್ತಿನ ಸಂಘವನ್ನು ಕಟ್ಟಿದರು. ರೈತನು ಸಾಹುಕಾರನ ಬಾಗಿಲಿಗೆ ಹೋಗದೆ ತನ್ನವರ ಸಂಘದಿಂದ ಸಾಲ ಪಡೆಯಬಹುದೆಂದು ತೋರಿಸಿದರು. 1916ರಲ್ಲಿ ಬೆಳಗಾವಿಯಲ್ಲಿ ಏಳು ಜನ ಶಿಕ್ಷಕರು ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯನ್ನು ಆರಂಭಿಸಿದಾಗ ಅವರ ಕೈಯಲ್ಲಿ ಬಂಡವಾಳಕ್ಕಿಂತ ಸಂಕಲ್ಪವೇ ಹೆಚ್ಚಾಗಿತ್ತು. ಹೊರಗಿನ ಒಂದು ಮಾತನ್ನೂ ಕೇಳಿರಿ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಮೇರಿಕದ ಅಗ್ಗದ ಗೋಧಿ ಬಂದು ಡೆನ್ಮಾರ್ಕಿನ ರೈತರು ನಷ್ಟಕ್ಕೊಳಗಾದರು. ಅವರು ಹಣೆಬರಹವೆಂದು ಕುಳಿತುಕೊಳ್ಳಲಿಲ್ಲ. 1882ರಿಂದ ಊರೂರಿಗೆ ಸಹಕಾರಿ ಹೈನುಶಾಲೆಗಳನ್ನು ಕಟ್ಟಿ, ಹಾಲನ್ನು ಮಾರದೆ ಬೆಣ್ಣೆಯನ್ನು ಮಾರಿದರು. ಅದಕ್ಕೆ ಮೊದಲೇ ಹಳ್ಳಿಯ ತರುಣರಿಗಾಗಿ ಜನತಾ ಶಾಲೆಗಳು ಅಲ್ಲಿ ನೆಲೆಗೊಂಡಿದ್ದವು. ಸಣ್ಣ ದೇಶ, ಆದರೂ ಹಸಿವನ್ನು ಗೆದ್ದಿತು. ಅಲ್ಲಿಯೂ ಎರಡೇ ಸೂತ್ರಗಳು: ದುಡಿಮೆಯ ಲಾಭ ದುಡಿದವನ ಊರಿನಲ್ಲಿ ಉಳಿಯಬೇಕು, ಓದು ಎಲ್ಲರ ಮನೆಗೆ ಹೋಗಬೇಕು.

ಆದರೆ ಸಂಘಗಳನ್ನು ಕಟ್ಟಿದ ಮಾತ್ರಕ್ಕೆ ದಾಸೋಹವಾಗದು. ಸಂಘದ ಸಾಲವನ್ನು ಗೌಡನ ಬಂಧುಗಳೇ ಎತ್ತಿಕೊಂಡು, ಹೊಲವಿಲ್ಲದವನಿಗೆ ಜಾಮೀನಿಲ್ಲವೆಂದು ಹೇಳಿ ಕಳಿಸಿದರೆ ಅದು ಹಳೆಯ ಸಾಹುಕಾರಿಕೆಯೇ. ಶಾಲೆಗೆ ದೇಣಿಗೆಯ ಕಲ್ಲು ಹಾಕಿಸಿ, ತನ್ನ ಆಳಿನ ಮಗನನ್ನು ದನ ಕಾಯಲು ಕಳಿಸಿದರೆ ಅದು ಕೀರ್ತಿ, ದಾಸೋಹವಲ್ಲ. 1974ರ ಭೂಸುಧಾರಣೆಯ ಕಾಯಿದೆಯು ಉಳುವವನಿಗೆ ಹೊಲವನ್ನು ಕೊಡಹೊರಟಾಗ, ಲಾವಣಿದಾರನನ್ನು ಮೊದಲೇ ಬಿಡಿಸಿ ಕಾಗದಗಳನ್ನು ತಿದ್ದಿಸಿದವರು ಹೊರದೇಶದವರಾಗಿರಲಿಲ್ಲ.

ಆದುದರಿಂದ, ಸದ್ಭಕ್ತರೆ, ನಿಮ್ಮಲ್ಲಿ ನಮ್ಮ ಬಿನ್ನಹವಿಷ್ಟು. ಇಂಗ್ಲಂಡದವರು ಒಯ್ದದ್ದನ್ನು ತಿರುಗಿ ತರಲು ನಮ್ಮಿಂದಾಗದು. ಜಗತ್ತಿನ ಪೇಟೆಯ ಧಾರಣೆಯನ್ನು ನಾವು ಬರೆಯಲಾರೆವು. ಆದರೆ ನಮ್ಮ ಮನೆಯ ಖಾತೆಪುಸ್ತಕವನ್ನು ಬರೆಯುವವರು ನಾವೇ. ಬರುವ ಬಸವಜಯಂತಿಯ ದಿನ ಪೂಜೆಯ ನಂತರ ಅದನ್ನು ತೆರೆಯಿರಿ. ಹೊಲದಲ್ಲಿ ಗಂಡಾಳಿನ ಸರಿಸಮ ಬಾಗಿದ ಹೆಣ್ಣಾಳಿಗೆ ಎಷ್ಟು ಕೊಟ್ಟಿರುವಿರಿ? ಅಸಲನ್ನು ಮುಟ್ಟಿಸಿದವನಿಂದ ಬಡ್ಡಿಯ ಹೆಸರಿನಲ್ಲಿ ಇನ್ನೂ ಎಷ್ಟು ತೆಗೆದುಕೊಳ್ಳುತ್ತಿರುವಿರಿ? ತೂಕದಲ್ಲಿ ಎಷ್ಟನ್ನು ಕಡಿದಿರುವಿರಿ? ಮಗಳ ಓದಿಗೆ ಎಷ್ಟು, ಮಗಳ ಮದುವೆಗೆ ಎಷ್ಟು ಬರೆದಿರುವಿರಿ? ಊರಿನ ಕೇರಿಯ ಮಕ್ಕಳ ಹೆಸರು ಯಾವ ಪುಟದಲ್ಲಿಯಾದರೂ ಇರುವದೋ? ಇವು ಐದು ಪ್ರಶ್ನೆಗಳು. ಉತ್ತರವನ್ನು ಮಠಕ್ಕೆ ಹೇಳಬೇಕಾಗಿಲ್ಲ. ಕರಸ್ಥಲದಲ್ಲಿರುವ ಲಿಂಗಕ್ಕೆ ಹೇಳಿದರೆ ಸಾಕು.

ಮದುವೆಯ ಸಾಲದಿಂದ ಹೊಲ ಕಳೆದುಕೊಂಡವರ ಮನೆಗಳು ನಮ್ಮ ಪ್ರತಿಯೊಂದು ಊರಿನಲ್ಲಿಯೂ ಇರುವವು. ಹಂದರದ ಆಡಂಬರವನ್ನು ಮೊದಲು ಉಳ್ಳವರು ಬಿಟ್ಟರೆ ಇಲ್ಲದವರು ತಾವಾಗಿ ಬಿಡುವರು. ಉಳ್ಳವರು ಸಾಮೂಹಿಕ ವಿವಾಹದ ಹಂದರದಲ್ಲಿ ತಮ್ಮ ಮಕ್ಕಳನ್ನೂ ಕೂಡಿಸಿದರೆ ಅದು ಬಡವರ ಮದುವೆಯೆಂಬ ಹೆಸರು ಹೋಗುವದು. ಗೊಡಚಿಯ ಜಾತ್ರೆಗೂ ಗುಡ್ಡದ ಹುಣ್ಣಿವೆಗೂ ಬಂಡಿ ಕಟ್ಟುವವರು ಅದೇ ಶ್ರದ್ಧೆಯಿಂದ ಊರಿನ ಶಾಲೆಯ ಬಾಗಿಲಿಗೂ ಸಹಕಾರಿ ಸಂಘದ ಸಭೆಗೂ ಬಂದು, ಅಲ್ಲಿ ಹೆಬ್ಬಟ್ಟಿನ ಸದಸ್ಯನ ಪರವಾಗಿ ಒಂದು ಪ್ರಶ್ನೆಯನ್ನು ಕೇಳಲಿ. ಅದೂ ಶಿವಪೂಜೆಯೇ.

ದಾರಿದ್ರ್ಯವನ್ನು ಮನುಷ್ಯರು ಮಾಡಿದರು. ಕೆಲವನ್ನು ಪರಕೀಯರು ಮಾಡಿದರು, ಕೆಲವನ್ನು ನಾವೇ ಮಾಡಿದೆವು. ಮನುಷ್ಯರು ಮಾಡಿದ್ದನ್ನು ಮನುಷ್ಯರು ಬಿಡಿಸಬಲ್ಲರು. ಪರಕೀಯರು ಮಾಡಿದ ಪಾಲಿಗೆ ನಾಡೆಲ್ಲ ಕೂಡಿ ದುಡಿಯಬೇಕು. ನಾವು ಮಾಡಿದ ಪಾಲಿಗೆ ಯಾರ ಅಪ್ಪಣೆಯೂ ಬೇಕಿಲ್ಲ. ಆ ಪಾಲನ್ನು ಈ ವರ್ಷದ ಸುಗ್ಗಿಯಲ್ಲಿಯೇ, ಕಣದಲ್ಲಿ ರಾಶಿ ಅಳೆಯುವ ಹೊತ್ತಿನಲ್ಲಿಯೇ, ತೀರಿಸಲು ತೊಡಗೋಣ.